ನೆಲದ ಸಣ್ಣ ನಡುಕದಿಂದ ಆಳ ಅಳೆಯುವಾಗ

ನೆಲ ಯಾವತ್ತೂ ಸುಮ್ನಿರುವುದಿಲ್ಲ. ಕಾಲಿಗೆ ಗೊತ್ತಾಗದಷ್ಟು ಸಣ್ಣಗೆ ಹಗಲೂ ರಾತ್ರಿ ನಡುಗುತ್ತಲೇ ಇರುತ್ತದೆ. ಸೆಕೆಂಡಿಗೆ ಒಂದು ಸಲಕ್ಕಿಂತ ನಿಧಾನವಾದ ಕಂಪನದಲ್ಲಿ ಸಮುದ್ರದ ಅಲೆಗಳ ಪಾಲು ಜಾಸ್ತಿ. ಅದಕ್ಕಿಂತ ಚುರುಕಾದದ್ದು ಹೆಚ್ಚಾಗಿ ವಾಹನ, ಯಂತ್ರ, ಜನರ ಓಡಾಟದ್ದು. 2020ರ ಲಾಕ್‌ಡೌನ್‌ನಲ್ಲಿ ಜಗತ್ತಿನ ಎಷ್ಟೋ ಕಡೆ ಈ ಎರಡನೆಯದು ಎದ್ದು ಕಾಣುವಷ್ಟು ಇಳಿದಿತ್ತು. ಭೂಕಂಪ ದಾಖಲಿಸುವವರಿಗೆ ಇದೆಲ್ಲ ಬೇಡದ ಗದ್ದಲ. ನೆಲದಡಿಯ ಮೊದಲ ಹತ್ತಾರು ಮೀಟರ್ ನೋಡಿ, ಬಂಡೆ ಎಷ್ಟು ಆಳದಲ್ಲಿದೆ ಎಂದು ಅಳೆಯುವ ನಮಗೆ ಇದೇ ಬಂಡವಾಳ. ನೆಲದಲ್ಲಿ ಅಲೆ ಎಬ್ಬಿಸಲು ಸಿಡಿಮದ್ದು ಬೇಡ, ಸುತ್ತಿಗೆ ಏಟೂ ಬೇಡ. ಕಟ್ಟಡ ಕಿಕ್ಕಿರಿದ ಜಾಗದಲ್ಲೂ ಅಳೆಯಬಹುದು.

ಸರಳ ವಿಧಾನಕ್ಕೆ ಒಂದೇ ಸೆನ್ಸರ್ ಸಾಕು. ಅದು ಮೇಲೆ-ಕೆಳಗೆ ಒಂದು, ಅಡ್ಡಡ್ಡ ಎರಡು, ಹೀಗೆ ಮೂರು ದಿಕ್ಕಿನ ಅಲುಗಾಟ ಬರೆದುಕೊಳ್ಳುತ್ತದೆ. ಅಡ್ಡ ಅಲುಗಾಟವನ್ನು ಮೇಲೆ-ಕೆಳಗಿನ ಅಲುಗಾಟದಿಂದ ಭಾಗಿಸಿ, ಆವರ್ತನದ (ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಎನ್ನುವುದರ) ಎದುರು ಗೆರೆ ಎಳೆಯುತ್ತೇವೆ. ಗಟ್ಟಿ ಬಂಡೆಯ ಮೇಲೆ ಮೆದು ಮಣ್ಣು ಕೂತಿದ್ದರೆ ಗೆರೆ ಒಂದು ಕಡೆ ಶಿಖರದಂತೆ ಏಳುತ್ತದೆ. 1989ರಲ್ಲಿ ಜಪಾನಿನ ನಕಮುರ ಬರೆದ ಲೇಖನದಿಂದ ಈ ವಿಧಾನ ಎಲ್ಲೆಡೆ ಹಬ್ಬಿತು. ಆ ಮಣ್ಣು ಯಾವ ಲಯಕ್ಕೆ ಸುಲಭವಾಗಿ ತೂಗುತ್ತದೆ ಎಂದು ಶಿಖರ ಹೇಳುತ್ತದೆ. ಇದು ಸಣ್ಣ ವಿಷಯ ಅಲ್ಲ. 1985ರಲ್ಲಿ ಭೂಕಂಪದ ಕೇಂದ್ರ ನೂರಾರು ಕಿಲೋಮೀಟರ್ ದೂರ ಇದ್ದರೂ ಮೆಕ್ಸಿಕೋ ನಗರದಲ್ಲಿ ಕಟ್ಟಡಗಳು ಕುಸಿದವು. ಹಳೆಯ ಕೆರೆಯ ಜೇಡಿ ಸುಮಾರು 2 ಸೆಕೆಂಡಿನ ಲಯದಲ್ಲಿ ತೂಗಿತ್ತು. ಅದೇ ಲಯಕ್ಕೆ ಹತ್ತಿರವಿದ್ದ ಕಟ್ಟಡಗಳಿಗೆ ಪೆಟ್ಟು ಜಾಸ್ತಿ ಬಿತ್ತು.

ತೊಂದರೆ ಶುರುವಾಗುವುದು ಶಿಖರವನ್ನು ನೇರವಾಗಿ ಆಳ ಎಂದು ಓದಿದಾಗ. ಮಣ್ಣಿನಲ್ಲಿ ಶಿಯರ್ ಅಲೆಯ (ತಾನು ಸಾಗುವ ದಿಕ್ಕಿಗೆ ಅಡ್ಡಡ್ಡ ಅಲುಗಿಸುವ ಅಲೆಯ) ವೇಗವನ್ನು ಪದರದ ದಪ್ಪದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಶಿಖರದ ಆವರ್ತನ ಸಿಗುತ್ತದೆ. 2 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎರಡು ಸಲದ ಅಲುಗಾಟದಲ್ಲಿ, ಶಿಖರ ಬಂತು ಅಂದುಕೊಳ್ಳಿ. ವೇಗ ಸೆಕೆಂಡಿಗೆ 200 ಮೀಟರ್ ಇದ್ದರೆ ಬಂಡೆ 25 ಮೀಟರ್ ಆಳದಲ್ಲಿದೆ. ವೇಗ 320 ಇದ್ದರೆ 40 ಮೀಟರ್. ಎರಡಕ್ಕೂ ಶಿಖರ ಒಂದೇ! ವೇಗವನ್ನು ಯಾವುದೋ ಪಟ್ಟಿಯಿಂದ ಎತ್ತಿ ಹಾಕಿ ಆಳ ಬರೆದ ವರದಿ ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದನ್ನೇ ನಂಬಿ ಯಾರೋ ಅಡಿಪಾಯ ಹಾಕುತ್ತಾರೆ, ಅಲ್ವಾ?

ವೇಗವನ್ನೂ ಅಳೆಯಲೇಬೇಕು. ಹಲವು ಸೆನ್ಸರ್‌ಗಳನ್ನು ವೃತ್ತಾಕಾರವಾಗಿ ಇಟ್ಟು, ಅದೇ ಗದ್ದಲ ಒಂದರಿಂದ ಇನ್ನೊಂದಕ್ಕೆ ಹೇಗೆ ಸಾಗುತ್ತದೆ ಎಂದು ನೋಡುತ್ತೇವೆ. ಇದರ ಗಣಿತವನ್ನು ಜಪಾನಿನ ಭೂಕಂಪ ವಿಜ್ಞಾನಿ ಕೇಯಿಟಿ ಅಕಿ 1957ರಲ್ಲೇ ಕೊಟ್ಟಿದ್ದರು. ನೆಲದ ಮೇಲ್ಪದರದಲ್ಲಿ ಸಾಗುವ ರೇಲಿ ಅಲೆ ಉದ್ದವಾದಷ್ಟೂ ಆಳದ ಮಣ್ಣನ್ನು ಅಲುಗಿಸುತ್ತದೆ. ಆಳದಲ್ಲಿ ಗಟ್ಟಿ ಇದ್ದರೆ ಉದ್ದದ ಅಲೆ ಬೇಗ ಓಡುತ್ತದೆ. ಈ ವ್ಯತ್ಯಾಸದಿಂದ ಪದರಗಳ ವೇಗ ಲೆಕ್ಕ ಹಾಕುತ್ತೇವೆ. ಆದರೆ ಒಂದೇ ಅಳತೆಗೆ ಹೊಂದುವ ಪದರಗಳ ಜೋಡಣೆ ಹಲವಿರುತ್ತವೆ. ಅದಕ್ಕೇ ಶಿಖರದ ಆವರ್ತನವನ್ನೂ ಜೊತೆಗೆ ಸೇರಿಸಬೇಕು. ಹತ್ತಿರದಲ್ಲಿ ಒಂದಾದರೂ ಕೊರೆದ ರಂಧ್ರದ ದಾಖಲೆ ಇದ್ದರೆ ಇನ್ನೂ ಒಳ್ಳೆಯದು.

ಸೆನ್ಸರ್ ಇಡುವಾಗಿನ ಕೆಲಸ ನೋಡಲು ಸುಲಭ. ಕೆಡುವುದೂ ಅಲ್ಲೇ. ಉದ್ದ ಹುಲ್ಲಿನ ಮೇಲೆ ಇಟ್ಟರೆ ಗಾಳಿ ಬೀಸಿದಾಗ ಹುಲ್ಲೇ ಸೆನ್ಸರನ್ನು ಅಲ್ಲಾಡಿಸುತ್ತದೆ. ಹುಲ್ಲು ಕಿತ್ತು, ಸಡಿಲ ಮಣ್ಣು ಕೆರೆದು, ಮೂರು ಕಾಲನ್ನೂ ಗಟ್ಟಿ ನೆಲಕ್ಕೆ ಊರಿ, ಮಟ್ಟದ ಗುಳ್ಳೆ ನಡುವಿಗೆ ಬರುವ ತನಕ ತಿರುಗಿಸಬೇಕು. ಆಮೇಲೆ ದೂರ ಹೋಗಿ ನಿಲ್ಲಬೇಕು. ಪಕ್ಕದಲ್ಲೇ ಓಡಾಡಿದರೆ ನಮ್ಮ ಹೆಜ್ಜೆಯೇ ದಾಖಲಾಗುತ್ತದೆ.

ಶಿಖರ ಕಂಡ ಮೇಲೂ ಅನುಮಾನ ಬಿಡಬಾರದು. ಪಂಪ್, ಜನರೇಟರ್ ಕೂಡ ಶಿಖರ ಎಬ್ಬಿಸುತ್ತವೆ. ನಾನು ಮೊದಲು ಮೂರೂ ದಿಕ್ಕಿನ ಗೆರೆಗಳನ್ನು ಬೇರೆ ಬೇರೆಯಾಗಿ ನೋಡುತ್ತೇನೆ. ಒಂದೇ ಜಾಗದಲ್ಲಿ ಮೂರೂ ಸೂಜಿಯಂತೆ ಎದ್ದಿದ್ದರೆ ಅದು ಯಂತ್ರ. ಮಣ್ಣಿನದಾದರೆ ಶಿಖರ ಅಗಲವಾಗಿರುತ್ತದೆ, ಸಾಮಾನ್ಯವಾಗಿ ಅಲ್ಲಿ ಮೇಲೆ-ಕೆಳಗಿನ ಗೆರೆ ತಗ್ಗಿರುತ್ತದೆ. ಇನ್ನು ಶಿಖರವೇ ಇಲ್ಲ ಅಂದರೆ ಕೆಳಗೆ ಬರೀ ಬಂಡೆ ಎಂದು ಬರೆದುಬಿಡುವ ಹಾಗೂ ಇಲ್ಲ. ಮಣ್ಣು ಆಳಕ್ಕೆ ಹೋದಂತೆ ನಿಧಾನವಾಗಿ ಗಟ್ಟಿಯಾಗುತ್ತಾ ಹೋದರೂ ಗೆರೆ ಚಪ್ಪಟೆಯಾಗೇ ಇರಬಹುದು.

ಇಂಥ ವರದಿ ನಿಮ್ಮ ಕೈಗೆ ಬಂದರೆ ಆಳದ ಅಂಕಿ ನೋಡುವ ಮೊದಲು ವೇಗದ ಅಂಕಿ ಹುಡುಕಿ. ಅದನ್ನು ಅದೇ ಜಾಗದಲ್ಲಿ ಅಳೆದಿದ್ದಾರಾ ಎಂದು ಕೇಳಿ. ಮೂರು ದಿಕ್ಕಿನ ಮೂಲ ದಾಖಲೆಯನ್ನೂ ಕೇಳಿ ಇಟ್ಟುಕೊಳ್ಳಿ. ಅದಿದ್ದರೆ ಬೇರೆ ಯಾರು ಬೇಕಾದರೂ ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದು.