ಟ್ರಿಗರ್ ಒತ್ತಿದ ಮೇಲೆ, ಪೆಲೆಟ್ ಹೊರಬೀಳುವ ಮುನ್ನ

ಏರ್ ರೈಫಲ್ ಕಂಡವರು ಮೊದಲು ಕೇಳುವುದು ಅದರ ಸ್ಪೀಡ್ ಎಷ್ಟು ಅಂತ. ಅಂಗಡಿಯಲ್ಲಿ ಮಾರುವ ಡಬ್ಬದ ಮೇಲೂ ಅದೇ ಸಂಖ್ಯೆ ದಪ್ಪಕ್ಷರದಲ್ಲಿರುತ್ತದೆ: ಸೆಕೆಂಡಿಗೆ 300 ಮೀಟರ್, ಇನ್ನೂ ಹೆಚ್ಚು. ಆದರೆ ಒಲಿಂಪಿಕ್ಸ್ ಪದಕ ಗೆಲ್ಲುವ, ಲಕ್ಷಗಟ್ಟಲೆ ಬೆಲೆಯ ರೈಫಲ್ಲಿನಿಂದ ಪೆಲೆಟ್ ಹೊರಡುವ ವೇಗ ಸೆಕೆಂಡಿಗೆ ಸುಮಾರು 170 ಮೀಟರ್ ಅಷ್ಟೇ. ಅರ್ಧ ಗ್ರಾಂ ಚಿಲ್ಲರೆ ತೂಕದ ಸೀಸದ ಪೆಲೆಟ್ಟಿಗೆ ಹತ್ತು ಮೀಟರ್ ದಾಟಲು ಅಷ್ಟು ಸಾಕು. ಅದಕ್ಕಿಂತ ಹೆಚ್ಚು ಜೋರು ಕೊಟ್ಟರೆ ರೈಫಲ್ ಹೆಚ್ಚು ಅಲುಗಾಡುತ್ತದೆಯೇ ಹೊರತು ಗುರಿಯೇನೂ ನೆಟ್ಟಗಾಗುವುದಿಲ್ಲ.

ಬೇಕಾಗಿರುವುದು ವೇಗವಲ್ಲ, ಪ್ರತಿ ಸಲವೂ ಅದೇ ವೇಗ. ಹತ್ತು ಮೀಟರ್ ಹಾರುವಷ್ಟರಲ್ಲಿ ಪೆಲೆಟ್ ಗುರುತ್ವಕ್ಕೆ ಸಿಕ್ಕಿ ಸುಮಾರು 17 ಮಿ.ಮೀ. ಕೆಳಗಿಳಿದಿರುತ್ತದೆ. ಗುರಿ ನೋಡುವ ಸೈಟ್ ಹೊಂದಿಸುವಾಗ ಅದು ಲೆಕ್ಕಕ್ಕೆ ಬಂದುಬಿಡುವುದರಿಂದ ತೊಂದರೆಯಿಲ್ಲ. ಆದರೆ ಒಂದು ಹೊಡೆತ 170 ಮೀಟರ್ ವೇಗದಲ್ಲೂ ಮುಂದಿನದು 175ರಲ್ಲೂ ಹೋದರೆ ಎರಡು ತೂತುಗಳ ನಡುವೆ ಮೇಲೆ ಕೆಳಗೆ ಹೆಚ್ಚೂಕಮ್ಮಿ 1 ಮಿ.ಮೀ. ಅಂತರ ಬೀಳುತ್ತದೆ. ಒಂದು ಮಿಲಿಮೀಟರ್ ಯಾವ ಲೆಕ್ಕ ಅನ್ನಿಸಬಹುದು. ಆದರೆ ಗುರಿಕಾರ್ಡಿನ ನಟ್ಟನಡುವಿನ, ಹತ್ತು ಅಂಕದ ಚುಕ್ಕೆಯ ವ್ಯಾಸವೇ 0.5 ಮಿ.ಮೀ. ಪೆಲೆಟ್ಟಿನ ದಪ್ಪ 4.5 ಮಿ.ಮೀ. ಅದರ ಅಂಚು ಚುಕ್ಕೆಯನ್ನು ಸೋಕಿದರೆ 10.0. ಅಲ್ಲಿಂದ ಒಳಕ್ಕೆ ಪ್ರತಿ ಕಾಲು ಮಿಲಿಮೀಟರಿಗೆ 0.1 ಅಂಕ ಏರುತ್ತಾ ನಟ್ಟನಡುವೆ 10.9 ಆಗುತ್ತದೆ. ಅಂದರೆ 1 ಮಿ.ಮೀ. ತಪ್ಪಿದರೆ 0.4 ಅಂಕ ಹೋಯಿತು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು 700.5 ಅಂಕದಿಂದ, ಬೆಳ್ಳಿಯವರದು 699.7. ಬಿಂದ್ರಾ ಅವರ ಕೊನೆಯ ಹೊಡೆತ 10.8, ಎಂದರೆ ಕೇಂದ್ರದಿಂದ ಅರ್ಧ ಮಿಲಿಮೀಟರಿನೊಳಗೆ.

ಇನ್ನು ಅಸಲು ವಿಷಯ. ಹಳೆಯ ಒಳ್ಳೆಯ ಮ್ಯಾಚ್ (ಸ್ಪರ್ಧೆಯ) ರೈಫಲನ್ನೂ ಇವತ್ತಿನದನ್ನೂ ಅಲುಗದಂತೆ ಬಿಗಿಹಿಡಿಯುವ ವೈಸ್‌ಗೆ ಕಚ್ಚಿಸಿ, ಬ್ಯಾರೆಲ್‌ಗೆ ಒಗ್ಗುವ ಪೆಲೆಟ್ ಹಾಕಿ ಹೊಡೆದು ನೋಡಿ. ಎರಡೂ ಹತ್ತು ಮೀಟರಿನಲ್ಲಿ ಒಂದೇ ತೂತನ್ನು ಸ್ವಲ್ಪ ಅಗಲ ಮಾಡುತ್ತವೆ, ಅಷ್ಟೇ. ಐವತ್ತು ವರ್ಷಗಳಲ್ಲಿ ಬ್ಯಾರೆಲ್ ಅಂಥದ್ದೇನೂ ಸುಧಾರಿಸಿಲ್ಲ. ಸುಧಾರಿಸಿದ್ದು ಟ್ರಿಗರ್ ಬಿಟ್ಟುಕೊಟ್ಟ ಕ್ಷಣದಿಂದ ಪೆಲೆಟ್ ಬ್ಯಾರೆಲ್ಲಿನ ಬಾಯಿ ದಾಟುವ ಕ್ಷಣದವರೆಗಿನ ಗಳಿಗೆ. ಸ್ಪ್ರಿಂಗ್ ರೈಫಲ್‌ಗಳಲ್ಲಿ ಅದು ಹತ್ತು ಮಿಲಿಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಬ್ಯಾರೆಲ್ ಒಂದು ಡಿಗ್ರಿಯ ಎಪ್ಪತ್ತರಲ್ಲೊಂದು ಪಾಲು ತಿರುಗಿದರೂ ಪೆಲೆಟ್ ಕಾರ್ಡಿನ ಮೇಲೆ 2.5 ಮಿ.ಮೀ. ಸರಿದಿರುತ್ತದೆ: 10.9 ಇದ್ದದ್ದು ಹತ್ತರ ಅಂಚಿಗೆ ಬಂತು.

ಸ್ಪ್ರಿಂಗ್ ರೈಫಲ್ ತಿರುಗದೆ ಇರುವುದಾದರೂ ಹೇಗೆ? ಅದರೊಳಗೆ ಕೂಡಿಟ್ಟ ಗಾಳಿ ಇರುವುದಿಲ್ಲ. ಬಿಗಿದ ಸ್ಪ್ರಿಂಗ್ ಬಿಚ್ಚಿಕೊಂಡು ಒಂದು ಉಕ್ಕಿನ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ; ಪಿಸ್ಟನ್ ಮುಂದಿನ ಗಾಳಿಯನ್ನು ಹಿಂಡುತ್ತದೆ; ಹಿಂಡಿದ ಗಾಳಿ ಪೆಲೆಟ್ಟನ್ನು ದಬ್ಬುತ್ತದೆ. ಹರಿಗೋಲಿನಿಂದ ದಡಕ್ಕೆ ಹಾರಿದರೆ ಹರಿಗೋಲು ಹಿಂದಕ್ಕೆ ಜಾರುವ ಹಾಗೆ, ಪಿಸ್ಟನ್ ಮುಂದೆ ಹೋದಾಗ ರೈಫಲ್ ಹಿಂದೆ ಬರಲೇಬೇಕು. 200 ಗ್ರಾಂ ಪಿಸ್ಟನ್ ಸೆಕೆಂಡಿಗೆ 10 ಮೀಟರ್ ವೇಗ ಪಡೆಯಿತು ಅಂದುಕೊಳ್ಳಿ. ಅದರ ಸಂವೇಗ ಪೆಲೆಟ್ಟಿನ ಸಂವೇಗಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲು. ಎಂದರೆ ಏರ್ ರೈಫಲ್ಲಿನ ಒದೆತಕ್ಕೆ ಪೆಲೆಟ್ ಕಾರಣ ಎಂಬ ನಂಬಿಕೆ ಪೂರ್ತಿ ತಲೆಕೆಳಗು. ಸಾಲದ್ದಕ್ಕೆ, ಪಿಸ್ಟನ್ ಕೊನೆಯಲ್ಲಿ ಹಿಂಡಿದ ಗಾಳಿಗೆ ಬಡಿದು ನಿಲ್ಲುತ್ತದೆ, ಆಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಈ ಹಿಂದು ಮುಂದಿನ ಗಲಾಟೆಯ ನಡುವೆಯೇ ಪೆಲೆಟ್ ಹೊರಬೀಳಬೇಕು. ಭುಜಕ್ಕೆ ಆನಿಸಿದ ಬಟ್, ಎಂದರೆ ರೈಫಲ್ಲಿನ ಹಿಂತುದಿ, ಬ್ಯಾರೆಲ್ಲಿನ ಗೆರೆಗಿಂತ ಕೆಳಗಿರುವುದರಿಂದ ಒದೆತ ನೇರ ಹಿಂದಕ್ಕೆ ಬಾರದೆ ಮೂತಿಯನ್ನು ಮೇಲೆತ್ತುತ್ತದೆ. ಕೈ ಹಿಡಿತ ಕೊಂಚ ಬಿಗಿಯಾದರೂ ತೂತು ಬೇರೆ ಕಡೆ.

ಇದಕ್ಕೆ ಉತ್ತರಗಳು ಹೆಚ್ಚಾಗಿ ಹುಟ್ಟಿದ್ದು ಜರ್ಮನಿಯಲ್ಲಿ, ಮತ್ತು ಅದಕ್ಕೆ ಯುದ್ಧದ ಸೋಲೂ ಒಂದು ಕಾರಣ. ಎರಡನೇ ಮಹಾಯುದ್ಧದ ನಂತರ ಅಲ್ಲಿ ಬಂದೂಕು ತಯಾರಿಕೆಗೆ ನಿಷೇಧವಿತ್ತು. ಮೊದಲು ಸಡಿಲವಾಗಿದ್ದು ಗಾಳಿಬಂದೂಕಿನ ಮೇಲಿನ ಬಿಗಿ. ಊರೂರಿನ ಶೂಟಿಂಗ್ ಸಂಘಗಳು ಹತ್ತು ಮೀಟರ್ ಉದ್ದದ ಕೋಣೆಗಳಿಗೆ ಬಂದು ಸೇರಿದವು. ನೆಕರ್ ನದಿಯ ದಂಡೆಯ ಓಬರ್ನ್‌ಡೋರ್ಫ್‌ನಲ್ಲಿ ಮೌಸರ್ ಕಾರ್ಖಾನೆ ಮುಚ್ಚಿಹೋಗಿತ್ತು. ಅಲ್ಲಿನ ಇಬ್ಬರು ಎಂಜಿನಿಯರುಗಳು, ಕಾರ್ಲ್ ವೆಸ್ಟಿಂಗರ್ ಮತ್ತು ಅರ್ನ್ಸ್ಟ್ ಆಲ್ಟನ್‌ಬರ್ಗರ್, 1949ರಲ್ಲಿ ಸೂಕ್ಷ್ಮ ಯಂತ್ರಗಳ ಕಂಪನಿ ಕಟ್ಟಿದರು. ಅದೇ ಫೈನ್‌ವೆರ್ಕ್‌ಬೌ. ಶೂಟರುಗಳ ಬಾಯಲ್ಲಿ ಎಫ್‌ಡಬ್ಲ್ಯೂಬಿ.

ಅವರ 150 ಮಾದರಿ, ಆಮೇಲೆ 300, ಕೊನೆಗೆ 1970ರ ದಶಕದ 300ಎಸ್: ಹಳೆಯ ರೈಫಲ್‌ಗಳಲ್ಲಿ ಜನ ಇವತ್ತಿಗೂ ಮುಗಿಬೀಳುವುದು ಇದಕ್ಕೇ, ಮತ್ತು ಅದು ಸರಿಯಾಗಿಯೇ ಇದೆ. ಒದೆತವನ್ನು ತಡೆಯುವ ಗೋಜಿಗೆ ಈ ರೈಫಲ್ ಹೋಗುವುದಿಲ್ಲ. ಬ್ಯಾರೆಲ್, ಪಿಸ್ಟನ್ ಕೊಳವೆ, ಸೈಟುಗಳು ಎಲ್ಲ ಸೇರಿದ ಇಡೀ ಲೋಹದ ಭಾಗ ಕೈಯಲ್ಲಿ ಹಿಡಿದು ಭುಜಕ್ಕೆ ಆನಿಸುವ ಮರದ ಸ್ಟಾಕಿನೊಳಗೆ ಹಳಿಗಳ ಮೇಲೆ ಕೂತಿದೆ. ಟ್ರಿಗರ್ ಒತ್ತಿದಾಗ ಹಳಿಯ ಕೊಕ್ಕೆ ಬಿಡುತ್ತದೆ, ಲೋಹದ ಭಾಗ ಬ್ಯಾರೆಲ್ಲಿನ ಗೆರೆಯಲ್ಲೇ ಕೆಲವು ಮಿಲಿಮೀಟರ್ ಹಿಂದೆ ಜಾರುತ್ತದೆ. ಸ್ಟಾಕ್, ಭುಜ, ಕೆನ್ನೆ ಯಾವುದಕ್ಕೂ ಸುದ್ದಿ ಮುಟ್ಟುವುದಿಲ್ಲ. ಹಿಂಬದಿಯ ಸೈಟ್ ಕಣ್ಣಿನತ್ತ ಚಿಮ್ಮುವುದರಿಂದ ಅದಕ್ಕೆ ರಬ್ಬರ್ ಬಟ್ಟಲು. ಮುಂದಿನ ಹೊಡೆತಕ್ಕೆ ಪಕ್ಕದ ಲಿವರ್ ಎಳೆದಾಗ ಎಲ್ಲವೂ ಮತ್ತೆ ಮುಂದೆ ಬಂದು ಕೊಕ್ಕೆಗೆ ಸಿಕ್ಕುತ್ತದೆ.

ಡಯಾನಾ ಕಂಪನಿಯ 60, 65, 66, 75 ಮಾದರಿಗಳದು ಬೇರೆ ದಾರಿ. ಅದಕ್ಕೆ ಗಿಸ್ ಪದ್ಧತಿ ಎಂದು ಹೆಸರು. ಹಲ್ಲುಗಾಲಿಯಿಂದ ಕೂಡಿಸಿದ ಎರಡು ಪಿಸ್ಟನ್‌ಗಳು. ಒಂದು ಮುಂದೆ ಓಡಿದರೆ ಇನ್ನೊಂದು ಹಿಂದೆ. ಕೆಲಸ ಮುಂದಿನದರದು ಮಾತ್ರ, ಹಿಂದಿನದು ಬರೀ ತೂಕ. ಎರಡರ ಸಂವೇಗ ಒಂದನ್ನೊಂದು ಹೊಡೆದುಹಾಕುತ್ತದೆ. ಜಾಣತನದಲ್ಲಿ ಇದನ್ನು ಮೀರಿಸುವ ರೈಫಲ್ ಇಲ್ಲ, ರಿಪೇರಿಯ ತಲೆನೋವಿನಲ್ಲೂ ಇಲ್ಲ. ಗಾಳಿ ಸೋರದಂತೆ ತಡೆಯುವ ಆ ಕಾಲದ ಪ್ಲಾಸ್ಟಿಕ್ ಸೀಲ್‌ಗಳು ವರ್ಷ ಕಳೆದಂತೆ ಕಂದು ಪುಡಿಯಾಗಿ ಉದುರುತ್ತವೆ. ಹೊಸ ಸೀಲ್ ಹಾಕಿ ಜೋಡಿಸುವಾಗ ಹಲ್ಲುಗಾಲಿ ಒಂದೇ ಹಲ್ಲು ತಪ್ಪಿ ಕೂತರೂ ಎರಡು ಪಿಸ್ಟನ್ ಹೊಂದುವುದಿಲ್ಲ. ಆನ್‌ಶುಟ್ಜ್ ಕಂಪನಿಯ 250 ಒದೆತವನ್ನು ಎಣ್ಣೆಯ ಡ್ಯಾಂಪರಿನಿಂದ ಹೀರಿಸುತ್ತಿತ್ತು. ಎಣ್ಣೆ ಸೋರಿಹೋದ 250 ಸಿಕ್ಕರೆ ಅದು ಬೇರೆ ಸ್ಪ್ರಿಂಗ್ ರೈಫಲ್‌ಗಳಂತೆಯೇ ಒದೆಯುತ್ತದೆ.

1974ರಲ್ಲಿ ವಾಲ್ಟರ್ ಕಂಪನಿ ಎಲ್‌ಜಿಆರ್ ತಂದು ಪಿಸ್ಟನ್ನಿನ ಓಟವನ್ನೇ ಹೊಡೆತದಿಂದ ಹೊರಗಿಟ್ಟಿತು. ಲಿವರನ್ನು ಒಂದೇ ಸಲ ಒತ್ತಿ ಗಾಳಿ ತುಂಬಬೇಕು. ಟ್ರಿಗರ್ ಬರೀ ಒಂದು ವಾಲ್ವ್ ತೆರೆಯುತ್ತದೆ. ಉಳಿದ ಒದೆತ ಪೆಲೆಟ್ಟಿನದು: 5 ಕೆ.ಜಿ. ರೈಫಲ್ ಸೆಕೆಂಡಿಗೆ 2 ಸೆಂ.ಮೀ.ಗಿಂತ ಕಡಿಮೆ ವೇಗದಲ್ಲಿ ಹಿಂದೆ ಬರುತ್ತದೆ. ಪೆಲೆಟ್ ಬ್ಯಾರೆಲ್ ದಾಟುವಷ್ಟರಲ್ಲಿ ಅದು ಸರಿಯುವುದು ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲು. ಒಂದು ದಶಕದ ಮೇಲೆ ಎಫ್‌ಡಬ್ಲ್ಯೂಬಿ 600 ಇದೇ ಹಾದಿ ಹಿಡಿದು ಎಷ್ಟೋ ವರ್ಷ ರೇಂಜುಗಳನ್ನು ಆಳಿತು. ಇದರಲ್ಲೂ ಒಂದು ಎಚ್ಚರ ಬೇಕು. ಒತ್ತಿದ ಗಾಳಿ ಬಿಸಿಯಾಗಿರುತ್ತದೆ, ಆರುತ್ತಾ ಒತ್ತಡ ಇಳಿಯುತ್ತದೆ. ಲಿವರ್ ಮುಚ್ಚಿ ಒಮ್ಮೆ ಹದಿನೈದು ಸೆಕೆಂಡಿಗೆ, ಇನ್ನೊಮ್ಮೆ ಒಂದೂವರೆ ನಿಮಿಷಕ್ಕೆ ಹೊಡೆದರೆ ವೇಗ ಬದಲಾಗುತ್ತದೆ. ಲಯ ತಪ್ಪಬಾರದು. ಅರವತ್ತು ಹೊಡೆತಕ್ಕೆ ಅರವತ್ತು ಸಲ ಲಿವರ್ ಒತ್ತುವ ಶ್ರಮ ಬೇರೆ, ಪ್ರತಿ ಸಲ ನಿಲುವು ಕದಡುತ್ತದೆ.

ಆ ಶ್ರಮ ತಪ್ಪಿಸಲು ಮೊದಲು ಬಂದಿದ್ದು ಇಂಗಾಲದ ಡೈಆಕ್ಸೈಡ್ ಸಿಲಿಂಡರ್. ಚಳಿ ದೇಶಕ್ಕೆ ಅದು ಸೊಗಸು. ದ್ರವರೂಪದ ಈ ಅನಿಲದ ಒತ್ತಡ 20 ಡಿಗ್ರಿಯಲ್ಲಿ 57 ಬಾರ್, 30ರಲ್ಲಿ 72. ಸುಮಾರು 31 ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ. ಏಪ್ರಿಲ್‌ನಲ್ಲಿ ಕಲಬುರಗಿಯ ಫ್ಯಾನ್ ಕೆಳಗೆ ಇಂಥ ರೈಫಲ್ ಹಿಡಿದವರ ಗುಂಡುಗಳು ಬೆಳಗ್ಗೆ ಒಂದೆಡೆ, ಮಧ್ಯಾಹ್ನ ಇನ್ನೊಂದೆಡೆ ಬಿದ್ದರೆ ಆಶ್ಚರ್ಯವಿಲ್ಲ.

ಈಗಿನವೆಲ್ಲ ಮೊದಲೇ ತುಂಬಿದ ಗಾಳಿಯವು: ಎಫ್‌ಡಬ್ಲ್ಯೂಬಿ 800, ವಾಲ್ಟರ್ ಎಲ್‌ಜಿ400, ಆಸ್ಟ್ರಿಯಾದ ಸ್ಟೈರ್, ಆನ್‌ಶುಟ್ಜ್ 9015. ಸಿಲಿಂಡರಿನಲ್ಲಿ 200 ಬಾರ್, ಮಧ್ಯೆ ಒತ್ತಡವನ್ನು ಇಳಿಸಿ ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರ್, ಪ್ರತಿ ಹೊಡೆತಕ್ಕೂ ಅಳೆದ ಗಾಳಿ. ಪೆಲೆಟ್ಟಿನ ಅಷ್ಟಿಷ್ಟು ಒದೆತವನ್ನೂ ಎದುರು ಚಲಿಸುವ ಪುಟ್ಟ ತೂಕವೊಂದು ನುಂಗುತ್ತದೆ. ಇವುಗಳಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ಅರ್ಥ ಕಡಿಮೆ. ಕೆನ್ನೆ, ಕತ್ತು, ತೋಳಿನ ಉದ್ದಕ್ಕೆ ಯಾವ ಸ್ಟಾಕ್ ಹೊಂದುತ್ತದೋ ಅದೇ ಮೇಲು. ಹೊಸ ರೈಫಲ್‌ಗೆ ಕೂಡಿಟ್ಟ ದುಡ್ಡಿನಲ್ಲಿ ಒಂದಿಷ್ಟನ್ನು ಪೆಲೆಟ್ ಪರೀಕ್ಷೆಗೆ ಎತ್ತಿಡುವುದು ಜಾಣತನ. ಅದೇ ಕಂಪನಿ, ಅದೇ ಹೆಸರು, ಆದರೆ ಪೆಲೆಟ್ಟಿನ ತಲೆಯ ಅಳತೆ 4.49 ಮಿ.ಮೀ.ನಿಂದ 4.50ಕ್ಕೆ ಬದಲಾದರೆ, ಅಥವಾ ತಯಾರಿಕೆಯ ಬ್ಯಾಚ್ ಬದಲಾದರೆ, ತೂತುಗಳ ಗುಂಪು ಹರಡಬಹುದು.

ತೊಂದರೆ ಬರುವುದು ಹೆಚ್ಚಾಗಿ ಗಾಳಿಯ ಕಡೆಯಿಂದ. ಸಿಲಿಂಡರನ್ನು ಗಡಿಬಿಡಿಯಲ್ಲಿ ತುಂಬಿದರೆ ಬಿಸಿಯಾಗಿ ಗೇಜ್ 200 ತೋರಿಸುತ್ತದೆ, ಆರಿದ ಮೇಲೆ ಮುಳ್ಳು ಕೆಳಗಿರುತ್ತದೆ. ತೇವದ ಗಾಳಿ ಹೋದರೆ ಒಳಗೆ ತುಕ್ಕು. ರೆಗ್ಯುಲೇಟರಿನ ಸೀಲ್ ಸವೆದಿದ್ದರೆ ರೈಫಲ್ ಸುಮ್ಮನಿದ್ದಾಗ ಒಳಗಿನ ಒತ್ತಡ ನಿಧಾನಕ್ಕೆ ಏರುತ್ತದೆ, ವಿರಾಮದ ನಂತರದ ಮೊದಲ ಹೊಡೆತ ತಪ್ಪುತ್ತದೆ. ಸೈಟ್ ತಿರುಗಿಸುವ ಮುನ್ನ ಇದನ್ನು ನೋಡಿ. ಸಿಲಿಂಡರಿನ ಮೇಲೆ ಕೆತ್ತಿದ ಅವಧಿ ಮುಗಿದಿದ್ದರೆ ಸ್ಪರ್ಧೆಗೆ ಅದನ್ನು ತರುವಂತಿಲ್ಲ.

ಹಳೆಯ 300ಎಸ್ ಕೊಳ್ಳುವವರು ಈ ತಾಪತ್ರಯದಿಂದ ಪಾರು, ಆದರೆ ಕೆಲವನ್ನು ಪರೀಕ್ಷಿಸಬೇಕು. ಲಿವರ್ ಎಳೆದಾಗ ಹಿಂದೆ ಸರಿಯುವುದು ಇಡೀ ಗಾಳಿಕೊಳವೆ. ಪೆಲೆಟ್ಟನ್ನು ಬ್ಯಾರೆಲ್ಲಿಗೆ ಬೆರಳಿನಿಂದ ತೂರಿಸಬೇಕಾದ್ದರಿಂದ ಒಂದು ಕೈ ಲಿವರನ್ನು ಬಿಡಲೇಬಾರದು. ಕೊಕ್ಕೆ ಸವೆದಿದ್ದರೆ ಬೆರಳು ಜಜ್ಜುತ್ತದೆ. ಬ್ಯಾರೆಲ್ಲೂ ಕೊಳವೆಯೂ ಕೂಡುವ ಜಾಗದ ಮೇಲೆ ಟಿಶ್ಯೂ ಪೇಪರಿನ ಎಳೆ ಇಟ್ಟು, ಸುರಕ್ಷಿತ ಗುರಿಗೆ ಪೆಲೆಟ್ ಹಾರಿಸಿ. ಎಳೆ ಹಾರಿದರೆ ಸೀಲ್ ಹೋಗಿದೆ. ಹೊಡೆದ ಮೇಲೂ ಲೋಹದ ಭಾಗ ಹಿಂದೆ ಜಾರದಿದ್ದರೆ ಹಳಿಯಲ್ಲಿ ಗ್ರೀಸ್ ಗಟ್ಟಿಯಾಗಿದೆ ಅಥವಾ ಕೊಕ್ಕೆ ಅಂಟಿಕೊಂಡಿದೆ. ಪೆಲೆಟ್ ಇಲ್ಲದೆ ಹೊಡೆದು ನೋಡಬೇಡಿ, ಗಾಳಿಯ ಮೆತ್ತೆ ಸಿಗದೆ ಪಿಸ್ಟನ್ ಹೋಗಿ ಎದುರಿಗೆ ಅಪ್ಪಳಿಸುತ್ತದೆ. ಮಾರುವವರು "ಎರಡು ಹನಿ ಎಣ್ಣೆ ಬಿಡಿ, ಜೋರಾಗುತ್ತೆ" ಅಂದರೆ ಕೇಳಬೇಡಿ. ಹಿಂಡಿದ ಗಾಳಿಯ ಬಿಸಿಗೆ ಆ ಎಣ್ಣೆ ಹೊತ್ತಿಕೊಳ್ಳುತ್ತದೆ. ರೈಫಲ್ ಜೋರಾಗುವುದು ನಿಜ, ಎಣ್ಣೆ ಉರಿದು ಮುಗಿಯುವವರೆಗೆ ಎರಡು ಹೊಡೆತದ ವೇಗ ಒಂದೇ ಇರುವುದಿಲ್ಲ, ಸ್ಪ್ರಿಂಗೂ ಸೀಲೂ ಅದರ ಪೆಟ್ಟು ತಿನ್ನುತ್ತವೆ.