ಗ್ಲಾಸ್ಗೋಗೆ ಬಂದ ಐರಿಶ್ ಪೂರ್ವಜರು: ಮೊದಲು ಯಾವ ದಾಖಲೆ ನೋಡಬೇಕು?

1845ರಿಂದ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಐರ್ಲೆಂಡ್ ಹಸಿವಿಗೆ ಸಿಕ್ಕಿತು. ಸಾವಿರಾರು ಕುಟುಂಬಗಳು ಹಡಗು ಹತ್ತಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಕಡೆ ಬಂದವು. ಅವರ ಮೂಲ ಹುಡುಕುವವರು ಸಾಮಾನ್ಯವಾಗಿ ನೇರವಾಗಿ ಐರ್ಲೆಂಡಿನ ದಾಖಲೆಗೇ ಕೈ ಹಾಕುತ್ತಾರೆ. ನನ್ನ ಪ್ರಕಾರ ಮೊದಲು ಸ್ಕಾಟ್ಲೆಂಡಿನ ದಾಖಲೆ ಮುಗಿಸಬೇಕು.

ಯಾಕೆ ಅಂದರೆ, ಸ್ಕಾಟ್ಲೆಂಡಿನಲ್ಲಿ ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ 1855ರಲ್ಲೇ ಶುರುವಾಯಿತು. ಐರ್ಲೆಂಡಿನಲ್ಲಿ ಎಲ್ಲರಿಗೂ ಅನ್ವಯವಾಗಿದ್ದು 1864ರಲ್ಲಿ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಮರಣ ಪತ್ರದಲ್ಲಿದೆ. ಆ ಕಾಲದ ಐರಿಶ್ ಮರಣ ಪತ್ರದಲ್ಲಿ ಸತ್ತವರ ತಂದೆತಾಯಿಯ ಹೆಸರೇ ಇರುವುದಿಲ್ಲ. ಸ್ಕಾಟಿಷ್ ಪತ್ರದಲ್ಲಿ ತಂದೆಯ ಹೆಸರು, ಕಸುಬು, ತಾಯಿಯ ಹೆಸರು, ಅವಳ ತವರಿನ ಕುಲನಾಮ ಎಲ್ಲಕ್ಕೂ ಜಾಗವಿದೆ. ಒಂದೇ ಹಾಳೆಯಲ್ಲಿ ಒಂದು ತಲೆಮಾರು ಹಿಂದಕ್ಕೆ ಹೋಗಬಹುದು. ಆದರೆ ಮಾಹಿತಿ ಕೊಟ್ಟವರು ಯಾರು ಅಂತ ನೋಡಿ. ಮಗ ಹೇಳಿದ್ದಕ್ಕೂ ಪಕ್ಕದ ಮನೆಯವರು ಹೇಳಿದ್ದಕ್ಕೂ ಒಂದೇ ತೂಕ ಕೊಡಬಾರದು. ಮದುವೆ ಪತ್ರದಲ್ಲೂ ತಂದೆತಾಯಿಯ ಹೆಸರಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಹುಟ್ಟೂರಿಗೆ ಜನಗಣತಿ ನಂಬಿದರೆ ಬೇಸರವೇ ಜಾಸ್ತಿ. ಬಹಳ ಕಡೆ ಸುಮ್ನೆ 'ಐರ್ಲೆಂಡ್' ಅಂತ ಬರೆದು ಮುಂದೆ ಹೋಗಿದ್ದಾರೆ. ಗ್ಲಾಸ್ಗೋದ ಬಡವರ ಪರಿಹಾರದ ಅರ್ಜಿಗಳು ಹಾಗಲ್ಲ. 1845ರ ಕಾನೂನಿನ ಪ್ರಕಾರ, ಒಂದು ಪ್ಯಾರಿಷ್‌ನಲ್ಲಿ (ಬಡವರ ನೆರವು ನೋಡಿಕೊಳ್ಳುತ್ತಿದ್ದ ಸ್ಥಳೀಯ ಆಡಳಿತದ ಪ್ರದೇಶ) ಸತತ 5 ವರ್ಷ ಬಾಳಿದ್ದರೆ ನೆರವಿನ ಖರ್ಚು ಅದರ ಮೇಲೆ ಬೀಳುತ್ತಿತ್ತು. ಇಲ್ಲದಿದ್ದರೆ ಐರ್ಲೆಂಡಿಗೆ ವಾಪಸ್ ಕಳಿಸಬಹುದಿತ್ತು. ದುಡ್ಡಿನ ಪ್ರಶ್ನೆಯಾದ್ದರಿಂದ ಅಧಿಕಾರಿಗಳು ಹುಟ್ಟೂರು, ಹಳೇ ವಿಳಾಸ, ಮಕ್ಕಳು ಎಲ್ಲವನ್ನೂ ಕೆದಕಿ ಕೇಳುತ್ತಿದ್ದರು. ಹಸಿದವರಿಗೆ ಅದು ಎಷ್ಟು ಕಷ್ಟದ ವಿಚಾರಣೆಯೋ! ಇವತ್ತು ಅವರ ಊರು ನಮಗೆ ಸಿಗುವುದು ಅದರಿಂದಲೇ. ಈ ದಾಖಲೆಗಳು ಗ್ಲಾಸ್ಗೋದ ಮಿಚೆಲ್ ಲೈಬ್ರರಿಯಲ್ಲಿವೆ.

ಊರು ಗೊತ್ತಾದ ಮೇಲೆ ಐರ್ಲೆಂಡಿನ ದಾಖಲೆಗೆ ಹೋಗಿ. 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ಸುಟ್ಟುಹೋದಾಗ 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ನಾಶವಾಯಿತು. ಕ್ಯಾಥೊಲಿಕ್ ಚರ್ಚ್ ಪುಸ್ತಕಗಳು ಅಲ್ಲಿರಲಿಲ್ಲ, ಹಾಗಾಗಿ ಉಳಿದವು. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಅವನ್ನು ಆನ್‌ಲೈನಿನಲ್ಲಿ ಉಚಿತವಾಗಿ ಇಟ್ಟಿದೆ.

ಒಂದೇ ಹೆಸರಿನವರು ನಾಲ್ಕು ಜನ ಸಿಕ್ಕರೆ ಮಕ್ಕಳ ಹೆಸರು ನೋಡಿ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ರೂಢಿ ಎರಡೂ ದೇಶಗಳಲ್ಲಿತ್ತು. ನಮ್ಮಲ್ಲೂ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ ಅಲ್ವಾ? ಆದರೆ ಇದು ಸುಳಿವು ಮಾತ್ರ. ಚರ್ಚಿನ ದೀಕ್ಷಾಸ್ನಾನದ (ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ವಿಧಿ) ಪುಸ್ತಕದಲ್ಲಿ ಧರ್ಮಪಿತ, ಧರ್ಮಮಾತೆ, ಅಂದರೆ ಆ ವಿಧಿಯಲ್ಲಿ ಮಗುವಿನ ಹೊಣೆ ಹೊತ್ತವರ ಕುಲನಾಮವನ್ನೂ ಬರೆದುಕೊಳ್ಳಿ. ಅವರು ಎಷ್ಟೋ ಸಲ ತಾಯಿಯ ತವರಿನವರೇ ಆಗಿರುತ್ತಾರೆ.