ಕಮ್ಯುನಿಟಿ ಕಾಲೇಜು: ಇಲ್ಲಿ ‘ಸಮುದಾಯ’ ಅಂದರೆ ಸುತ್ತಲಿನ ಊರು

ಅಮೆರಿಕದ ಚಿಪ್ ಕಾರ್ಖಾನೆಗಳ ಸುದ್ದಿ ಬಂದಾಗಲೆಲ್ಲ ಕೊನೆಯಲ್ಲಿ ಇಂಥದ್ದೊಂದು ಸಾಲು ಇರುತ್ತದೆ: ‘ಸಮುದಾಯ ಕಾಲೇಜುಗಳಲ್ಲಿ ಸುಧಾರಿತ ಉತ್ಪಾದನಾ ತರಬೇತಿ ವಿಸ್ತರಣೆ.’ ನಮ್ಮ ಕಡೆ ಸಮುದಾಯ ಅಂದರೆ ಮೊದಲು ಹೊಳೆಯುವುದು ಜಾತಿ. ಸಮುದಾಯದ ಮುಖಂಡರು, ಹಿಂದುಳಿದ ಸಮುದಾಯ, ಸಮುದಾಯದ ಹಾಸ್ಟೆಲು. ಹಾಗಾಗಿ ಓದಿದವರು ಇದನ್ನು ಯಾವುದೋ ಜನಾಂಗದ ಸಂಘ ನಡೆಸುವ ಕಾಲೇಜು ಅಂದುಕೊಳ್ಳುತ್ತಾರೆ. ಇನ್ನು ಕೆಲವರು ‘ಅಂದ್ರೆ ಅವರ ಐಟಿಐ ಅಲ್ವಾ’ ಎಂದು ಮುಗಿಸಿಬಿಡುತ್ತಾರೆ. ಎರಡೂ ತಪ್ಪು. ಮೊದಲನೆಯದಂತೂ ಇಡೀ ಸುದ್ದಿಯ ತಿರುಳನ್ನೇ ಕೆಡಿಸುತ್ತದೆ.

ಹೆಸರು ಬಂದ ಬಗೆ ನೋಡಿ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ ಒಂದು ಹೈಸ್ಕೂಲು ಮೇಲಿನ ತರಗತಿಗಳನ್ನು ಶುರುಮಾಡಿತು. ಊರು ಬಿಟ್ಟು ಹೋಗಲಾಗದ ಮಕ್ಕಳು ಯೂನಿವರ್ಸಿಟಿಯ ಮೊದಲೆರಡು ವರ್ಷದ ಪಾಠವನ್ನು ಅಲ್ಲೇ ಓದಲಿ ಅನ್ನುವುದು ಉದ್ದೇಶ. ಅದರ ಹಿಂದೆ ಇದ್ದವರು ಶಾಲೆಯ ಮುಖ್ಯಸ್ಥ ಸ್ಟ್ಯಾನ್ಲಿ ಬ್ರೌನ್ ಮತ್ತು ಶಿಕಾಗೋ ಯೂನಿವರ್ಸಿಟಿಯ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್. ಆಗ ಇಂಥವಕ್ಕೆ ‘ಜೂನಿಯರ್ ಕಾಲೇಜು’ ಎಂಬ ಹೆಸರು ನಿಂತಿತು. ಜೋಲಿಯೆಟ್ ಕಾಲೇಜು ಇವತ್ತಿಗೂ ಅದೇ ಹೆಸರು ಇಟ್ಟುಕೊಂಡಿದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ, ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ 1947ರಲ್ಲಿ ವರದಿ ಕೊಟ್ಟಿತು. ಈ ಕಾಲೇಜುಗಳ ಕೆಲಸ ಯೂನಿವರ್ಸಿಟಿಗೆ ಮಕ್ಕಳನ್ನು ಕಳಿಸುವುದಷ್ಟೇ ಅಲ್ಲ, ಸುತ್ತಲಿನ ಜನಕ್ಕೆ ಬೇಕಾದದ್ದನ್ನೆಲ್ಲ ಕಲಿಸುವುದು ಎಂದಿತು. ‘ಕಮ್ಯುನಿಟಿ ಕಾಲೇಜು’ ಎಂಬ ಹೆಸರು ಎಲ್ಲ ಕಡೆ ಬಳಕೆಗೆ ಬಂದದ್ದು ಅಲ್ಲಿಂದ. ಕಮ್ಯುನಿಟಿ ಅಂದರೆ ಇಲ್ಲಿ ಊರು, ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಓಡಾಡುವಷ್ಟು ದೂರದ ಸೀಮೆ. ಎಷ್ಟೋ ಕಡೆ ಆಸ್ತಿ ತೆರಿಗೆಯ ಒಂದು ಪಾಲು ಕಾಲೇಜಿಗೆ ಹೋಗುತ್ತದೆ. ಆಡಳಿತ ಮಂಡಳಿಯನ್ನು ಜನರೇ ಮತ ಹಾಕಿ ಆರಿಸುವ ಊರುಗಳೂ ಇವೆ.

ಇದು ಗೊತ್ತಿದ್ದರೆ ಕಾರ್ಖಾನೆ ತರಬೇತಿ ಯಾಕೆ ಇಲ್ಲಿಗೇ ಬಂತು ಅನ್ನುವುದು ತಾನೇ ತಿಳಿಯುತ್ತದೆ. ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ ಟೊಯೋಟಾದ ದೊಡ್ಡ ಕಾರ್ಖಾನೆ ಇದೆ. ಯಂತ್ರ ಕೆಟ್ಟರೆ ರಿಪೇರಿ ಮಾಡುವವರು ಅವರಿಗೆ ಬೇಕಿತ್ತು. ಅದಕ್ಕೆ ಹತ್ತಿರದ ಬ್ಲೂಗ್ರಾಸ್ ಕಮ್ಯುನಿಟಿ ಕಾಲೇಜಿನ ಜೊತೆ ಸೇರಿ 2010ರಲ್ಲಿ ಒಂದು ಕೋರ್ಸು ಶುರುಮಾಡಿದರು. ವಾರಕ್ಕೆ ಎರಡು ದಿನ ಕ್ಲಾಸು, ಮೂರು ದಿನ ಕಾರ್ಖಾನೆಯಲ್ಲಿ ಸಂಬಳದ ಕೆಲಸ. ‘ಫೇಮ್’ ಅನ್ನುವ ಈ ಪದ್ಧತಿಗೆ ಬೇರೆ ಕಂಪನಿಗಳೂ ಸೇರಿದವು. ಈಗ ಇದು ಹಲವು ರಾಜ್ಯಗಳಲ್ಲಿದೆ. ಚಿಪ್ ಕಾರ್ಖಾನೆಗಳಿಗೆ ಸರ್ಕಾರದ ನೆರವು ಕೊಡುವ 2022ರ ಚಿಪ್ಸ್ ಕಾಯ್ದೆಯ ಹೊತ್ತಿಗೂ ನಡೆದದ್ದು ಇದೇ. ಅರಿಜೋನಾದಲ್ಲಿ ಚಿಪ್ ಕಾರ್ಖಾನೆಗಳು ಬೆಳೆದವು, ಅವು ಇರುವ ಮಾರಿಕೋಪಾ ಕೌಂಟಿಯ ಕಾಲೇಜುಗಳು ತಂತ್ರಜ್ಞರ ಕೋರ್ಸು ತೆರೆದವು.

ಆ ಸಾಲಿನ ‘ಸುಧಾರಿತ ಉತ್ಪಾದನೆ’, ಅಂದರೆ ‘ಅಡ್ವಾನ್ಸ್ಡ್ ಮ್ಯಾನುಫ್ಯಾಕ್ಚರಿಂಗ್’ ಬಗ್ಗೆಯೂ ಒಂದು ಮಾತು. ರಾಕೆಟ್ಟು, ಚಿಪ್ಪು ಮಾಡಿದರೆ ಮಾತ್ರ ಅದು ಅಡ್ವಾನ್ಸ್ಡ್ ಅಂತ ಸುಮ್ನೆ ಬರೆಯುತ್ತಾರೆ. ಏನು ಮಾಡುತ್ತೀರಿ ಅನ್ನುವುದಕ್ಕಿಂತ ಹೇಗೆ ಮಾಡುತ್ತೀರಿ ಅನ್ನುವುದು ಇಲ್ಲಿ ಮುಖ್ಯ. ರೋಬಾಟು, ಸೆನ್ಸರು, ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರು) ಸೇರಿ ಬಿಸ್ಕತ್ತು ಪ್ಯಾಕ್ ಮಾಡಿದರೂ ಅದು ಅಡ್ವಾನ್ಸ್ಡೇ. ಹಾಗಾಗಿ ತರಬೇತಿಯಲ್ಲಿ ಜಾಸ್ತಿ ಹೊತ್ತು ಹೋಗುವುದು ದೋಷ ಹುಡುಕುವುದರಲ್ಲಿ. ಮೇಷ್ಟ್ರು ಪುಟ್ಟ ಕನ್ವೇಯರಿನ ಒಂದು ಸೆನ್ಸರ್ ವೈರನ್ನು ಬೇಕಂತಲೇ ಸಡಿಲ ಮಾಡಿರುತ್ತಾರೆ. ಬೆಲ್ಟು ನಿಂತಿದೆ, ಪ್ಯಾನೆಲ್ಲಿಗೆ ಕರೆಂಟು ಬರುತ್ತಿದೆ. ಕಲಿಯುವ ಹುಡುಗಿ ಮಲ್ಟಿಮೀಟರ್ ಹಿಡಿದು, ನಕ್ಷೆ ನೋಡಿ, ಪಿಎಲ್‌ಸಿಯ ಇನ್‌ಪುಟ್ ದೀಪ ಯಾಕೆ ಹತ್ತಿಲ್ಲ ಅಂತ ಹಿಂದಕ್ಕೆ ಹಿಂದಕ್ಕೆ ಹುಡುಕಬೇಕು. ಇದು ಹತ್ತು ದಿನದಲ್ಲಿ ಬರುವ ವಿದ್ಯೆಯಲ್ಲ. ಮಾರಿಕೋಪಾದ ಕಾಲೇಜುಗಳು 2022ರಲ್ಲಿ ಶುರುಮಾಡಿದ ಹತ್ತು ದಿನದ ‘ಕ್ವಿಕ್ ಸ್ಟಾರ್ಟ್’ ಕೋರ್ಸು ಒಳಗೆ ಕಾಲಿಡಲು ಒಳ್ಳೆಯ ದಾರಿ. ಆದರೆ ಅದನ್ನೇ ಪೂರ್ತಿ ತರಬೇತಿ ಎಂದು ಬರೆಯುವುದು ಸರಿಯಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಯಾವುದು? ಕೈಕೆಲಸದ ಮಟ್ಟಿಗೆ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ), ಬಿಡದಿಯ ಟೊಯೋಟಾ ತರಬೇತಿ ಸಂಸ್ಥೆ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಕಮ್ಯುನಿಟಿ ಕಾಲೇಜಿನ ಒಂದೇ ಆವರಣದಲ್ಲಿ ವೆಲ್ಡಿಂಗ್ ಕಲಿಯುವ ನಲವತ್ತರ ಅಮ್ಮನೂ ಇರುತ್ತಾಳೆ, ಎರಡು ವರ್ಷ ಓದಿ ದೊಡ್ಡ ಯೂನಿವರ್ಸಿಟಿಗೆ ಹೋಗುವ ಹುಡುಗನೂ ಇರುತ್ತಾನೆ. ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕುಪರ್ಟಿನೋದ ಡಿ ಆನ್ಜಾ ಕಾಲೇಜು ಅವರಿಗೆ ಗೊತ್ತು.

ಫೇಮ್ ಮುಗಿಸಿದವರಿಗೆ ಸಿಗುವುದು ಎರಡು ವರ್ಷದ ಅಸೋಸಿಯೇಟ್ ಡಿಗ್ರಿ. ಮುಂದೆ ಓದಬೇಕೆಂದರೆ ಅದರ ಕ್ರೆಡಿಟ್ಟುಗಳನ್ನು, ಸೇರುವ ಯೂನಿವರ್ಸಿಟಿ ಒಪ್ಪಿದಷ್ಟು, ಜೊತೆಗೆ ಒಯ್ಯಬಹುದು. ಅದನ್ನು ‘ಐಟಿಐ ಸರ್ಟಿಫಿಕೇಟು’ ಎಂದು ಬರೆದರೆ, ಮುಂದೆ ಓದುವ ಆ ದಾರಿಯೇ ಓದುಗರಿಗೆ ಕಾಣದೆ ಹೋಗುತ್ತದೆ.